ಪ್ರಾಣಿಜನ್ಯ ಗೊಬ್ಬರದ ಸಾರಜನಕ ಮಣ್ಣಿನಲ್ಲಿ ಯಾವಾಗ, ಎಷ್ಟು ಬಿಡುಗಡೆಯಾಗುತ್ತದೆ: ಸಮಗ್ರ ಮಾರ್ಗದರ್ಶಿ

ಒಂದು ಟನ್ ಕೊಟ್ಟಿಗೆ ಗೊಬ್ಬರದಲ್ಲಿ 5 ಕಿಲೋ ಸಾರಜನಕ ಇದೆ ಎಂದು ಪ್ರಯೋಗಾಲಯದ ವರದಿ ಹೇಳಿದರೆ ಆ ಐದೂ ಕಿಲೋ ಈ ಸಲದ ಬೆಳೆಗೆ ಸಿಗುತ್ತದೆ ಎಂದು ಅನೇಕರು ತಿಳಿಯುತ್ತಾರೆ. ಸಿಗುವುದಿಲ್ಲ. ಒಂದಿಷ್ಟು ಮೊದಲ ದಿನವೇ ಗಾಳಿಗೆ ಹೋಗಬಹುದು, ಒಂದಿಷ್ಟು ಕೆಲವೇ ವಾರಗಳಲ್ಲಿ ಬೇರಿಗೆ ದಕ್ಕುತ್ತದೆ, ಉಳಿದ ದೊಡ್ಡ ಪಾಲು ವರ್ಷಗಟ್ಟಲೆ ಮಣ್ಣಿನಲ್ಲೇ ಇದ್ದು ನಿಧಾನವಾಗಿ ಬಿಡುಗಡೆಯಾಗುತ್ತದೆ. ಈ ಮೂರು ಪಾಲುಗಳನ್ನು ಬೇರೆ ಬೇರೆಯಾಗಿ ಎಣಿಸಲು ಕಲಿತವರಿಗೆ ಗೊಬ್ಬರ ಕೈಕೊಡುವುದಿಲ್ಲ. ಒಟ್ಟು ಅಂಕಿಯನ್ನು ಮಾತ್ರ ನೋಡುವವರ ಬೆಳೆ ಒಂದು ವರ್ಷ ಹಳದಿಗೆ ತಿರುಗುತ್ತದೆ, ಇನ್ನೊಂದು ವರ್ಷ ಸೊಕ್ಕಿ ಬೆಳೆದು ನೆಲಕ್ಕೆ ಬೀಳುತ್ತದೆ. ಹಾಗಾಗಿ ಲೆಕ್ಕವನ್ನು ಮೊದಲಿನಿಂದ ಹಂತ ಹಂತವಾಗಿ ನೋಡೋಣ.

ಹಂತ 1: ಗೊಬ್ಬರದಲ್ಲಿರುವ ಸಾರಜನಕದ ರೂಪಗಳನ್ನು ಬೇರ್ಪಡಿಸಿ

ದನ ತಿಂದ ಮೇವಿನಲ್ಲಿದ್ದ ಸಾರಜನಕದ ಸುಮಾರು ಮುಕ್ಕಾಲು ಭಾಗ ಸಗಣಿ ಮತ್ತು ಗಂಜಲದ ಮೂಲಕ ಹೊರಗೆ ಬರುತ್ತದೆ. ಆದರೆ ಎರಡರಲ್ಲೂ ಅದು ಒಂದೇ ರೂಪದಲ್ಲಿರುವುದಿಲ್ಲ. ಗಂಜಲದಲ್ಲಿರುವುದರ ಬಹುಪಾಲು ಯೂರಿಯಾ. ಸಗಣಿಯಲ್ಲಿರುವುದು ಜೀರ್ಣವಾಗದೆ ಉಳಿದ ಪ್ರೋಟೀನು, ಕರುಳಿನಲ್ಲಿ ಬೆಳೆದು ಸತ್ತ ಬ್ಯಾಕ್ಟೀರಿಯಾಗಳ ದೇಹ, ಕರುಳಿನ ಒಳಪದರದಿಂದ ಉದುರಿದ ಜೀವಕೋಶಗಳು. ಯೂರಿಯಾ ಕೆಲವೇ ದಿನಗಳಲ್ಲಿ ಒಡೆಯುತ್ತದೆ, ಸಗಣಿಯ ಪ್ರೋಟೀನು ತಿಂಗಳುಗಳನ್ನು ತೆಗೆದುಕೊಳ್ಳುತ್ತದೆ. ಕೋಳಿ ಮತ್ತು ಇತರ ಹಕ್ಕಿಗಳು ಪ್ರತ್ಯೇಕವಾಗಿ ಮೂತ್ರ ಮಾಡುವುದಿಲ್ಲ. ಹಿಕ್ಕೆಯ ಮೇಲೆ ಕಾಣುವ ಬಿಳಿ ಪದಾರ್ಥವೇ ಯೂರಿಕ್ ಆಮ್ಲ, ತೇವ ತಗುಲಿದೊಡನೆ ಅದೂ ಬೇಗನೆ ಅಮೋನಿಯಾ ಆಗುತ್ತದೆ.

ಇದನ್ನು ಗಮನದಲ್ಲಿಟ್ಟುಕೊಂಡರೆ ಗೊಬ್ಬರಗಳ ಸ್ವಭಾವ ತಾನಾಗಿಯೇ ತಿಳಿಯುತ್ತದೆ. ಸಗಣಿ, ಗಂಜಲ ಎರಡೂ ಸೇರಿದ ದ್ರವರೂಪದ ಬಗ್ಗಡದಲ್ಲಿ ಒಟ್ಟು ಸಾರಜನಕದ ಹೆಚ್ಚುಕಡಿಮೆ ಅರ್ಧದಷ್ಟು ಅಮೋನಿಯಂ (ಅಮೋನಿಯಾ ನೀರಿನಲ್ಲಿ ಕರಗಿದಾಗ ಆಗುವ, ಬೇರು ನೇರವಾಗಿ ಹೀರಬಲ್ಲ ರೂಪ) ಆಗಿರುತ್ತದೆ, ಅಂದರೆ ಅರ್ಧ ಪಾಲು ಬೇಗ ಸಿಗುವಂಥದ್ದು. ಗಂಜಲ ಹರಿದುಹೋಗಿ, ಮಳೆಗೆ ತೊಳೆದು, ತಿಂಗಳುಗಟ್ಟಲೆ ತಿಪ್ಪೆಯಲ್ಲಿದ್ದ ಗೊಬ್ಬರದಲ್ಲಿ ಅಮೋನಿಯಂ ಬಹಳ ಕಡಿಮೆ. ಅದರ ಸಾರಜನಕವೆಲ್ಲ ಬಹುಪಾಲು ಸಾವಯವ ರೂಪದಲ್ಲಿದ್ದು ನಿಧಾನವಾಗಿ ಸಿಗುವಂಥದ್ದು. ತಾಜಾ ಕೋಳಿ ಹಿಕ್ಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಯೂರಿಕ್ ಆಮ್ಲ ಮತ್ತು ಅಮೋನಿಯಂ ರೂಪದಲ್ಲೇ ಇರುವುದರಿಂದ ಅದರ ಗುಣ ರಾಸಾಯನಿಕ ಗೊಬ್ಬರಕ್ಕೆ ಹತ್ತಿರವಾದದ್ದು. ಅತಿಯಾಗಿ ಹಾಕಿದರೆ ಮೊಳಕೆ ಸುಡುವುದು ಈ ಕಾರಣಕ್ಕೇ.

ಹಂತ 2: ಮಾದರಿ ತೆಗೆದು ಸರಿಯಾದ ಪರೀಕ್ಷೆ ಕೇಳಿ

ಪುಸ್ತಕದ ಸರಾಸರಿ ಅಂಕಿಗಳು ದಾರಿ ತೋರಿಸಬಲ್ಲವೇ ಹೊರತು ನಿಮ್ಮ ತಿಪ್ಪೆಯೊಳಗೆ ಏನಿದೆ ಎಂದು ಹೇಳಲಾರವು. ರಾಶಿಯ ಮೇಲ್ಪದರ ಒಣಗಿರುತ್ತದೆ, ಬುಡದಲ್ಲಿ ರಸ ಇಳಿದಿರುತ್ತದೆ, ಒಳಭಾಗ ಬಿಸಿಯಾಗಿರುತ್ತದೆ. ಬೇರೆ ಬೇರೆ ಕಡೆ, ಬೇರೆ ಬೇರೆ ಆಳದಿಂದ 15ರಿಂದ 20 ಹಿಡಿ ತೆಗೆದು, ಒಂದು ಬಕೆಟ್‌ನಲ್ಲಿ ಚೆನ್ನಾಗಿ ಕಲಸಿ, ಅದರಿಂದ ಅರ್ಧ ಕಿಲೋದಷ್ಟನ್ನು ಗಟ್ಟಿ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಗಾಳಿ ಹಿಂಡಿ ಕಟ್ಟಿ. ಬಗ್ಗಡವಾದರೆ ಹೊಂಡವನ್ನು ಚೆನ್ನಾಗಿ ಕದಡಿದ ಮೇಲೆ ಮಾದರಿ ತೆಗೆಯಿರಿ, ಬಾಟಲಿಯ ಕಂಠದಲ್ಲಿ ಸ್ವಲ್ಪ ಜಾಗ ಬಿಡಿ. ಕಳುಹಿಸುವವರೆಗೆ ತಣ್ಣಗಿಡಿ. ಬಿಸಿಲಿಗೆ ಒಣಗಿಸಿ ಕಳುಹಿಸುವುದು ಮಾತ್ರ ಬೇಡವೇ ಬೇಡ, ಏಕೆಂದರೆ ಒಣಗುವಾಗ ಅಮೋನಿಯಾ ಹಾರಿಹೋಗಿ, ನೀವು ತಿಳಿಯಬೇಕಾಗಿದ್ದ ಅಂಕಿಯೇ ಮಾಯವಾಗುತ್ತದೆ.

ಕೇಳಬೇಕಾದದ್ದು ನಾಲ್ಕು ಅಂಕಿಗಳು: ಒಟ್ಟು ಸಾರಜನಕ, ಅಮೋನಿಯಂ ಸಾರಜನಕ, ಒಟ್ಟು ಇಂಗಾಲ, ತೇವಾಂಶ. ಒಟ್ಟು ಸಾರಜನಕವನ್ನು ಹಲವು ಕಡೆ ಇಂದಿಗೂ 1883ರಲ್ಲಿ ಡೆನ್ಮಾರ್ಕಿನ ರಸಾಯನ ವಿಜ್ಞಾನಿ ಯೋಹಾನ್ ಕೆಲ್‌ಡಾಲ್ ರೂಪಿಸಿದ ವಿಧಾನದಿಂದಲೇ ಅಳೆಯುತ್ತಾರೆ. ಒಟ್ಟಿನಿಂದ ಅಮೋನಿಯಂ ಕಳೆದರೆ ಉಳಿಯುವುದು ಸಾವಯವ ಸಾರಜನಕ. ಬೇರಿಗೆ ಸಿಗುವ ಇನ್ನೊಂದು ರೂಪವಾದ ನೈಟ್ರೇಟ್ ಗೊಬ್ಬರದಲ್ಲಿ ಸಾಮಾನ್ಯವಾಗಿ ಲೆಕ್ಕಕ್ಕೆ ಬರುವಷ್ಟು ಇರುವುದಿಲ್ಲ. ಚೆನ್ನಾಗಿ ಮಾಗಿದ ಕಾಂಪೋಸ್ಟ್‌ನಲ್ಲಿ ಇರಬಹುದು, ಅಂಥದ್ದಾದರೆ ಅದನ್ನೂ ಕೇಳಿ.

ವರದಿ ಬಂದ ಮೇಲೆ ಮೊದಲು ನೋಡಬೇಕಾದದ್ದು, ಅಂಕಿಗಳು ಒಣ ತೂಕಕ್ಕೆ ಕೊಟ್ಟವೋ, ಇದ್ದ ಹಾಗಿನ ತೂಕಕ್ಕೋ ಎಂಬುದನ್ನು. ಒಣ ತೂಕದಲ್ಲಿ ಶೇ 2 ಸಾರಜನಕವಿದ್ದು ತೇವಾಂಶ ಶೇ 75 ಆಗಿದ್ದರೆ, ಹೊಲಕ್ಕೆ ಸಾಗಿಸುವ ಹಸಿ ಗೊಬ್ಬರದಲ್ಲಿ ಇರುವುದು ಶೇ 0.5 ಮಾತ್ರ, ಅಂದರೆ ಟನ್ನಿಗೆ 5 ಕಿಲೋ. ಇಲ್ಲಿ ತಪ್ಪಿದರೆ ಮುಂದಿನ ಲೆಕ್ಕವೆಲ್ಲ ನಾಲ್ಕು ಪಟ್ಟು ತಪ್ಪುತ್ತದೆ.

ಹಂತ 3: ಇಂಗಾಲ–ಸಾರಜನಕ ಅನುಪಾತ ನೋಡಿ, ಆದರೆ ಅದನ್ನೊಂದನ್ನೇ ನಂಬಬೇಡಿ

ಇಡೀ ವಿಷಯದ ತಿರುಳು ಇಲ್ಲಿದೆ. ಗೊಬ್ಬರವನ್ನು ಕೊಳೆಸುವ ಸೂಕ್ಷ್ಮಜೀವಿಗಳು ಬೆಳೆಗೆ ಉಪಕಾರ ಮಾಡಲೆಂದು ಸಾರಜನಕ ಬಿಡುವುದಿಲ್ಲ. ಅವುಗಳಿಗೆ ಬೇಕಾದದ್ದು ಇಂಗಾಲದಲ್ಲಿರುವ ಶಕ್ತಿ. ದೇಹ ಕಟ್ಟಿಕೊಳ್ಳಲು ಬೇಕಾದಷ್ಟು ಸಾರಜನಕ ಇಟ್ಟುಕೊಂಡು, ಹೆಚ್ಚಾದರೆ ಅಮೋನಿಯಂ ರೂಪದಲ್ಲಿ ಹೊರಹಾಕುತ್ತವೆ. ಕಡಿಮೆ ಬಿದ್ದರೆ ಮಣ್ಣಿನಲ್ಲಿದ್ದ ಅಮೋನಿಯಂ, ನೈಟ್ರೇಟ್‌ಗಳನ್ನೇ ಕೈಗಡವಾಗಿ ಎತ್ತಿಕೊಳ್ಳುತ್ತವೆ. ಆ ಕೈಗಡ ತೀರುವುದು ಅವು ಸತ್ತ ಮೇಲೆ.

ಲೆಕ್ಕ ಹಾಕಿ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಗೊಬ್ಬರದಲ್ಲಿ 100 ಕಿಲೋ ಇಂಗಾಲ ಇದೆ ಎಂದಿಟ್ಟುಕೊಳ್ಳಿ. ಸೂಕ್ಷ್ಮಜೀವಿಗಳು ಅದರಲ್ಲಿ ಸುಮಾರು ಮೂರನೇ ಒಂದು ಭಾಗವನ್ನು, ಅಂದರೆ 33 ಕಿಲೋವನ್ನು ದೇಹಕ್ಕೆ ಬಳಸಿಕೊಂಡು, ಉಳಿದದ್ದನ್ನು ಇಂಗಾಲದ ಡೈಆಕ್ಸೈಡ್ ಆಗಿ ಉಸಿರಿನೊಂದಿಗೆ ಬಿಡುತ್ತವೆ. ಅವುಗಳ ದೇಹದಲ್ಲಿ ಸುಮಾರು 8 ಪಾಲು ಇಂಗಾಲಕ್ಕೆ 1 ಪಾಲು ಸಾರಜನಕ ಇರುತ್ತದೆ, ಹಾಗಾಗಿ 33 ಕಿಲೋ ಇಂಗಾಲಕ್ಕೆ ಬೇಕಾಗುವ ಸಾರಜನಕ ಸುಮಾರು 4.1 ಕಿಲೋ. ಗೊಬ್ಬರದ ಅನುಪಾತ 15:1 ಆಗಿದ್ದರೆ ಅದರಲ್ಲಿರುವುದು 6.7 ಕಿಲೋ, ಹೀಗಾಗಿ 2.6 ಕಿಲೋ ಮಣ್ಣಿಗೆ ಬಿಡುಗಡೆ. ಅನುಪಾತ 30:1 ಆಗಿದ್ದರೆ ಇರುವುದು 3.3 ಕಿಲೋ ಮಾತ್ರ, ಕೊರತೆಯ 0.8 ಕಿಲೋ ಮಣ್ಣಿನಿಂದಲೇ ಹೋಗಬೇಕು. ಎರಡೂ ಸಮವಾಗುವುದು ಸುಮಾರು 24:1ರಲ್ಲಿ. ಕೃಷಿ ವಿಜ್ಞಾನದ ಬರಹಗಳಲ್ಲಿ 20ರಿಂದ 25 ಎಂಬ ಗಡಿ ಪದೇ ಪದೇ ಕಾಣಿಸುವುದು ಈ ಲೆಕ್ಕದಿಂದಲೇ.

ಕೋಳಿ ಹಿಕ್ಕೆಯ ಅನುಪಾತ 10ರ ಆಸುಪಾಸು, ದನದ ಸಗಣಿಯದು 20ರ ಆಸುಪಾಸು. ಹಾಸಿದ ಹುಲ್ಲು ಹೆಚ್ಚು ಸೇರಿದರೆ 30 ದಾಟುತ್ತದೆ. ಮರದ ಹೊಟ್ಟಿನ ಅನುಪಾತವೇ ನೂರಾರು. ಹೊಟ್ಟು ಹಾಸಿದ ಕೊಟ್ಟಿಗೆಯ ಹಸಿ ಗೊಬ್ಬರ ಹಾಕಿ ಕೂಡಲೇ ಬಿತ್ತಿದರೆ ಎಳೆ ಪೈರು ಬಿಳಿಚಿಕೊಳ್ಳುವುದು ಖಂಡಿತ. ಅದು ಗೊಬ್ಬರದ ದೋಷವಲ್ಲ, ಅವಸರದ ದೋಷ. ಸಾಕಷ್ಟು ಮುಂಚೆಯೇ ಸೇರಿಸಿದ್ದರೆ ಆ ಕೈಗಡ ಬಿತ್ತನೆಗೆ ಮುನ್ನವೇ ಬಹುಮಟ್ಟಿಗೆ ತೀರಿರುತ್ತಿತ್ತು.

ಆದರೂ ಅನುಪಾತ ಒಂದೇ ಸಾಲದು ಎಂದು ಒತ್ತಿ ಹೇಳಬೇಕು. ಚೆನ್ನಾಗಿ ಕಳಿತ ಕಾಂಪೋಸ್ಟಿನ ಅನುಪಾತ 12 ಇರಬಹುದು. ಮೇಲಿನ ಲೆಕ್ಕದ ಪ್ರಕಾರ ಅದು ಧಾರಾಳವಾಗಿ ಸಾರಜನಕ ಬಿಡಬೇಕು, ಆದರೆ ಬಿಡುವುದಿಲ್ಲ. ಸುಲಭವಾಗಿ ಕೊಳೆಯುವ ಭಾಗವೆಲ್ಲ ರಾಶಿಯಲ್ಲೇ ಮುಗಿದು, ಉಳಿದ ಸಾರಜನಕ ಲಿಗ್ನಿನ್‌ನಂಥ ಗಡುಸು ಪದಾರ್ಥಗಳೊಂದಿಗೆ ಬೆಸೆದುಕೊಂಡಿರುತ್ತದೆ. ಸೂಕ್ಷ್ಮಜೀವಿಗಳಿಗೆ ಅದನ್ನು ಒಡೆಯಲು ಬೇಕಾದ ಶಕ್ತಿಯ ಮೂಲವೇ ಅಲ್ಲಿ ಉಳಿದಿರುವುದಿಲ್ಲ. ಆದ್ದರಿಂದ ಅನುಪಾತದ ಜೊತೆಗೆ ಗೊಬ್ಬರ ಎಷ್ಟು ಕಳಿತಿದೆ ಎಂಬುದನ್ನೂ ನೋಡಬೇಕು. ಮುಷ್ಟಿಯಲ್ಲಿ ಹಿಡಿದು ನೋಡಿ: ಹುಲ್ಲಿನ ಎಳೆ ಗುರುತು ಸಿಗುತ್ತಿದ್ದರೆ, ಅಮೋನಿಯಾದ ಘಾಟು ಮೂಗಿಗೆ ಬಡಿಯುತ್ತಿದ್ದರೆ, ರಾಶಿ ಇನ್ನೂ ಬಿಸಿಯಾಗಿದ್ದರೆ ಅದು ಚಟುವಟಿಕೆಯಲ್ಲಿರುವ ಗೊಬ್ಬರ. ಕಪ್ಪಾಗಿ, ಪುಡಿಯಾಗಿ, ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತಿದ್ದರೆ ಅದು ನಿಧಾನದ ಗೊಬ್ಬರ.

ಹಂತ 4: ಮಣ್ಣಿನೊಳಗಿನ ಎರಡು ತಿರುವುಗಳನ್ನು ಅರಿಯಿರಿ

ಮೊದಲ ತಿರುವಿನಲ್ಲಿ ಪ್ರೋಟೀನು ಅಮೈನೋ ಆಮ್ಲಗಳಾಗಿ, ಅವು ಅಮೋನಿಯಂ ಆಗಿ ಒಡೆಯುತ್ತವೆ. ಈ ಕೆಲಸ ಮಾಡುವ ಬ್ಯಾಕ್ಟೀರಿಯಾ, ಶಿಲೀಂಧ್ರಗಳ ಬಗೆಗಳು ಲೆಕ್ಕವಿಲ್ಲದಷ್ಟು ಇರುವುದರಿಂದ ಹುಳಿ ಮಣ್ಣಾಗಲಿ, ಚೌಗು ಮಣ್ಣಾಗಲಿ, ತಣ್ಣನೆಯ ಮಣ್ಣಾಗಲಿ ಅದು ಒಂದಲ್ಲ ಒಂದು ವೇಗದಲ್ಲಿ ನಡೆದೇ ನಡೆಯುತ್ತದೆ. ಬ್ಯಾಕ್ಟೀರಿಯಾಗಳನ್ನು ತಿನ್ನುವ ಪ್ರೋಟೋಜೋವಾ ಮತ್ತು ಸೂಕ್ಷ್ಮ ದುಂಡುಹುಳುಗಳ ಪಾತ್ರವನ್ನು ಇಲ್ಲಿ ಮರೆಯಬಾರದು. ಬ್ಯಾಕ್ಟೀರಿಯಾದ ದೇಹದಲ್ಲಿರುವ ಸಾರಜನಕ ಅದನ್ನು ತಿನ್ನುವ ಈ ಜೀವಿಗಳ ಅಗತ್ಯಕ್ಕಿಂತ ಹೆಚ್ಚು. ಹೆಚ್ಚಾದದ್ದನ್ನು ಬೇರಿನ ಪಕ್ಕದಲ್ಲೇ ಅಮೋನಿಯಂ ಆಗಿ ವಿಸರ್ಜಿಸುತ್ತವೆ. ಹಿಂದೆ ಹೇಳಿದ ಕೈಗಡ ಮರಳುವ ಮುಖ್ಯ ದಾರಿಗಳಲ್ಲಿ ಇದೂ ಒಂದು.

ಎರಡನೆಯ ತಿರುವಿನಲ್ಲಿ ಅಮೋನಿಯಂ ನೈಟ್ರೈಟ್ ಆಗಿ, ನೈಟ್ರೈಟ್ ನೈಟ್ರೇಟ್ ಆಗಿ ಬದಲಾಗುತ್ತದೆ. ಇದನ್ನು ಮಾಡಬಲ್ಲ ಜೀವಿಗಳು ಕೆಲವೇ. ಇದು ಬರಿಯ ರಾಸಾಯನಿಕ ಕ್ರಿಯೆಯಲ್ಲ, ಜೀವಿಗಳ ಕೆಲಸ ಎಂದು 1877ರಲ್ಲಿ ತೋರಿಸಿದವರು ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮುಂಟ್ಸ್. ಮರಳು, ಸುಣ್ಣಕಲ್ಲು ತುಂಬಿದ ಉದ್ದ ಕೊಳವೆಯ ಮೂಲಕ ಅವರು ಚರಂಡಿ ನೀರನ್ನು ನಿಧಾನವಾಗಿ ಹರಿಸಿದರು. ಮೊದಲ ಸುಮಾರು 20 ದಿನ ಅಮೋನಿಯಾ ಹಾಗೆಯೇ ಹೊರಬಂತು, ಆಮೇಲೆ ನೈಟ್ರೇಟ್ ಕಾಣಿಸಿತು. ಕ್ಲೋರೋಫಾರ್ಮ್ ಹಾಯಿಸಿದಾಗ ಕ್ರಿಯೆ ನಿಂತಿತು. ಬಳಿಕ ಸ್ವಲ್ಪ ಮಣ್ಣು ಕದಡಿದ ನೀರು ಹಾಕಿದಾಗ ಮತ್ತೆ ಶುರುವಾಯಿತು. ಮುಂದೆ 1890ರ ಹೊತ್ತಿಗೆ ರಷ್ಯಾದ ಸೂಕ್ಷ್ಮಜೀವಿ ವಿಜ್ಞಾನಿ ವಿನೊಗ್ರಾಡ್‌ಸ್ಕಿ ಈ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿ ಬೆಳೆಸಿದರು. ನೈಟ್ರೋಸೋಮೊನಾಸ್, ನೈಟ್ರೋಬ್ಯಾಕ್ಟರ್ ಎಂಬ ಹೆಸರುಗಳು ಪಠ್ಯಪುಸ್ತಕಗಳಲ್ಲಿ ಪರಿಚಿತ. ಅಮೋನಿಯಂ ಅನ್ನು ನೈಟ್ರೈಟ್ ಮಾಡುವ ಆರ್ಕಿಯಾ ಎಂಬ ಬೇರೆಯೇ ಗುಂಪಿನ ಜೀವಿಗಳೂ ಮಣ್ಣಿನಲ್ಲಿ ಹೇರಳವಾಗಿವೆ ಎಂಬುದು ಈ ಶತಮಾನದಲ್ಲಿ ತಿಳಿದುಬಂದಿತು.

ಈ ತಿರುವಿಗೆ ಆಮ್ಲಜನಕ ಬೇಕೇ ಬೇಕು. ಉಷ್ಣಾಂಶ 25ರಿಂದ 35 ಡಿಗ್ರಿ ಸೆಲ್ಸಿಯಸ್ ಇದ್ದರೆ ಚೆನ್ನ. 5 ಡಿಗ್ರಿಗಿಂತ ಕೆಳಗೆ ಬಹುತೇಕ ನಿಂತಂತೆಯೇ. ರಸಸಾರ (ಹುಳಿ, ಕ್ಷಾರ ಗುಣದ ಅಳತೆ, pH) 5.5ಕ್ಕಿಂತ ಕೆಳಗಿಳಿದರೆ ಕುಂಟುತ್ತದೆ. ಬೆಚ್ಚಗಿನ, ಹದವಾದ ತೇವವಿರುವ ಮಣ್ಣಿನಲ್ಲಿ ಗೊಬ್ಬರದ ಅಮೋನಿಯಂ ಎರಡರಿಂದ ನಾಲ್ಕು ವಾರಗಳಲ್ಲಿ ಬಹುಪಾಲು ನೈಟ್ರೇಟ್ ಆಗುತ್ತದೆ.

ಈ ವ್ಯತ್ಯಾಸ ಹೊಲದಲ್ಲಿ ಏಕೆ ಮುಖ್ಯ? ಅಮೋನಿಯಂ ಧನ ವಿದ್ಯುದಂಶವುಳ್ಳದ್ದು, ಜೇಡಿಯ ಕಣಗಳು ಅದನ್ನು ಹಿಡಿದಿಟ್ಟುಕೊಳ್ಳುತ್ತವೆ. ನೈಟ್ರೇಟ್ ಋಣ ವಿದ್ಯುದಂಶವುಳ್ಳದ್ದು, ಅದನ್ನು ಹಿಡಿಯುವವರಿಲ್ಲ. ನೀರು ಹೋದಲ್ಲಿಗೆ ಅದೂ ಹೋಗುತ್ತದೆ. ಬೇರು ತಲುಪುವ ಆಳದಲ್ಲಿದ್ದರೆ ಬೆಳೆಗೆ, ಅದಕ್ಕೂ ಕೆಳಗಿಳಿದರೆ ಅಂತರ್ಜಲಕ್ಕೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 50 ಮಿಲಿಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಮಿತಿ ಹಾಕಿದೆ. ಬಾಟಲಿ ಹಾಲು ಕುಡಿಯುವ ಹಸುಗೂಸುಗಳ ರಕ್ತ ಆಮ್ಲಜನಕ ಒಯ್ಯಲಾಗದ ಸ್ಥಿತಿಗೆ ಬರಬಾರದೆಂಬುದೇ ಆ ಮಿತಿಯ ಹಿಂದಿನ ಕಾಳಜಿ.

ಹಂತ 5: ಮಣ್ಣಿನ ಉಷ್ಣಾಂಶ ಮತ್ತು ತೇವ

ಒಂದು ಸ್ಥೂಲ ನಿಯಮ ಸಾಕು: ಉಷ್ಣಾಂಶ 10 ಡಿಗ್ರಿ ಏರಿದರೆ ಕೊಳೆಯುವ ವೇಗ ಸುಮಾರು ಇಮ್ಮಡಿಯಾಗುತ್ತದೆ. 15 ಡಿಗ್ರಿಯ ಮಣ್ಣಿನಲ್ಲಿ ಎಂಟು ವಾರ ಹಿಡಿಯುವುದು 25 ಡಿಗ್ರಿಯಲ್ಲಿ ನಾಲ್ಕು ವಾರಕ್ಕೆ ಆಗುತ್ತದೆ. ತಂಪು ದೇಶದ ಕೈಪಿಡಿಯ ಅಂಕಿಯನ್ನು ಬಿಸಿ ಪ್ರದೇಶದಲ್ಲಿ ಹಾಗೆಯೇ ಬಳಸಬಾರದು ಎಂಬುದಕ್ಕೆ ಇದೇ ಕಾರಣ.

ತೇವದ ವಿಷಯದಲ್ಲಿ, ಮಣ್ಣಿನ ರಂಧ್ರಗಳಲ್ಲಿ ಸುಮಾರು ಶೇ 60ರಷ್ಟು ನೀರು, ಉಳಿದಷ್ಟು ಗಾಳಿ ಇರುವ ಹದ ಎಲ್ಲಕ್ಕಿಂತ ಒಳ್ಳೆಯದು. ಅದಕ್ಕಿಂತ ಹೆಚ್ಚು ನೀರು ನಿಂತರೆ ಆಮ್ಲಜನಕ ಸಿಗದ ಬ್ಯಾಕ್ಟೀರಿಯಾಗಳು ನೈಟ್ರೇಟ್‌ನಲ್ಲಿರುವ ಆಮ್ಲಜನಕವನ್ನೇ ಬಳಸಿಕೊಂಡು, ಸಾರಜನಕವನ್ನು ಅನಿಲವಾಗಿ ಬಿಟ್ಟುಬಿಡುತ್ತವೆ. ಗೊಬ್ಬರದಲ್ಲಿರುವ ಇಂಗಾಲ ಅವುಗಳಿಗೆ ಉಣಿಸೂ ಆಗುವುದರಿಂದ, ಗೊಬ್ಬರ ಹಾಕಿದ ಜವುಗು ನೆಲದಲ್ಲಿ ಈ ನಷ್ಟ ಇನ್ನೂ ಹೆಚ್ಚು. ಹೀಗೆ ಹೊರಬೀಳುವ ಅನಿಲಗಳಲ್ಲಿ ಒಂದಾದ ನೈಟ್ರಸ್ ಆಕ್ಸೈಡ್, ನೂರು ವರ್ಷಗಳ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 270 ಪಟ್ಟು ಹೆಚ್ಚು ಭೂಮಿಯನ್ನು ಬಿಸಿ ಮಾಡುತ್ತದೆ. ಸದಾ ನೀರು ನಿಲ್ಲುವ ಗದ್ದೆಯ ಕಥೆ ಬೇರೆ. ಅಲ್ಲಿ ಅಮೋನಿಯಂ ಅಮೋನಿಯಂ ಆಗಿಯೇ ಉಳಿಯುತ್ತದೆ, ಭತ್ತ ಅದನ್ನೇ ಹೀರಿಕೊಳ್ಳುತ್ತದೆ. ನಷ್ಟವಾಗುವುದು ಗದ್ದೆ ಒಮ್ಮೆ ಒಣಗಿ, ನೈಟ್ರೇಟ್ ರೂಪುಗೊಂಡು, ಮತ್ತೆ ನೀರು ನಿಂತಾಗ.

ಬಹಳ ದಿನ ಒಣಗಿದ್ದ ಮಣ್ಣಿಗೆ ಮೊದಲ ಮಳೆ ಬಿದ್ದಾಗ ಸಾರಜನಕ ಒಮ್ಮೆಲೇ ಉಕ್ಕುತ್ತದೆ. ಒಣಗಿದಾಗ ಸತ್ತ ಸೂಕ್ಷ್ಮಜೀವಿಗಳ ದೇಹ ಬದುಕುಳಿದವುಗಳಿಗೆ ಆಹಾರವಾಗುವುದು ಇದರ ಒಂದು ಕಾರಣ. ಪೂರ್ವ ಆಫ್ರಿಕಾದ ಮಣ್ಣುಗಳಲ್ಲಿ ಇದನ್ನು 1950ರ ದಶಕದಲ್ಲಿ ವಿವರವಾಗಿ ಅಧ್ಯಯನ ಮಾಡಿದ ಬರ್ಚ್ ಅವರ ಹೆಸರಿನಿಂದಲೇ ಇದು ಬರ್ಚ್ ಪರಿಣಾಮ ಎನಿಸಿಕೊಂಡಿದೆ. ಮೊದಲ ಮಳೆಯ ಬೆನ್ನಿಗೇ ಬಿತ್ತುವವರಿಗೆ ಈ ಉಕ್ಕು ದಕ್ಕುತ್ತದೆ, ತಡ ಮಾಡಿದವರಿಗೆ ಮುಂದಿನ ಮಳೆ ಅದನ್ನು ಕೆಳಗೆ ತೊಳೆದುಬಿಡುತ್ತದೆ.

ಹಂತ 6: ಅಮೋನಿಯಾ ಹಾರಿಹೋಗದಂತೆ ತಡೆಯಿರಿ

ಗೊಬ್ಬರದ ಸಾರಜನಕವನ್ನು ಅತಿ ಬೇಗ, ಅತಿ ಹೆಚ್ಚು ಕಳೆದುಕೊಳ್ಳುವುದು ಇಲ್ಲಿ. ತಡೆಯುವುದೂ ಇಲ್ಲಿ ಸುಲಭ. ಯೂರಿಯಾ ಒಡೆಯುವಾಗ ಗೊಬ್ಬರದ ಸುತ್ತ ರಸಸಾರ ಏರುತ್ತದೆ. ರಸಸಾರ 7 ಇದ್ದಾಗ ಅಮೋನಿಯಂನಲ್ಲಿ ಅಮೋನಿಯಾ ಆಗಿ ಹಾರಬಲ್ಲ ಪಾಲು ಶೇ 1ಕ್ಕಿಂತ ಕಡಿಮೆ, 8ರಲ್ಲಿ ಶೇ 5ರಷ್ಟು, 9ರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ಬಿಸಿಲು, ಗಾಳಿ ಸೇರಿದರೆ ಕೇಳುವುದೇ ಬೇಡ. ಬಗ್ಗಡವನ್ನು ನೆಲದ ಮೇಲೆ ಚೆಲ್ಲಿ ಹಾಗೆಯೇ ಬಿಟ್ಟರೆ ಆಗುವ ಒಟ್ಟು ನಷ್ಟದಲ್ಲಿ ಅರ್ಧಕ್ಕಿಂತ ಹೆಚ್ಚು ಮೊದಲ ದಿನದೊಳಗೇ ಆಗಿರುತ್ತದೆ.

ಹೊಲದಲ್ಲಿ ಗುಡ್ಡೆ ಹಾಕಿಟ್ಟು, ವಾರದ ನಂತರ ಹರಡಿ, ಇನ್ನೊಂದು ವಾರ ಬಿಟ್ಟು ಉಳುವ ರೂಢಿಯನ್ನು ಬಿಡಲೇಬೇಕು. ಹರಡಿದ ದಿನವೇ, ಸಾಧ್ಯವಾದರೆ ಕೆಲವೇ ಗಂಟೆಗಳಲ್ಲಿ, ಗೊಬ್ಬರವನ್ನು ಮಣ್ಣಿನಲ್ಲಿ ಸೇರಿಸಿ. ಹತ್ತು ಸೆಂಟಿಮೀಟರ್ ಆಳಕ್ಕೆ ಮುಚ್ಚಿದರೂ ಸಾಕು, ಮೇಲೆದ್ದ ಅಮೋನಿಯಾವನ್ನು ಮಣ್ಣಿನ ತೇವ ಮತ್ತು ಜೇಡಿ ಹಿಡಿದುಕೊಳ್ಳುತ್ತವೆ. ಉಳುಮೆ ಮಾಡದವರು ಸಂಜೆಯ ತಂಪಿನಲ್ಲಿ ಅಥವಾ ಹದವಾದ ಮಳೆ, ನೀರಾವರಿಗೆ ಸ್ವಲ್ಪ ಮುಂಚೆ ಹಾಕಲಿ. ಲೆಕ್ಕಕ್ಕಾಗಿ ಈ ಅಂದಾಜು ಇಟ್ಟುಕೊಳ್ಳಿ: ಕೂಡಲೇ ಮಣ್ಣಿಗೆ ಸೇರಿಸಿದರೆ ಅಮೋನಿಯಂನ ಶೇ 90ಕ್ಕಿಂತ ಹೆಚ್ಚು ಉಳಿಯುತ್ತದೆ, ಅದೇ ದಿನ ಸೇರಿಸಿದರೆ ಸುಮಾರು ಶೇ 75, ವಾರ ಬಿಟ್ಟರೆ ಕಾಲು ಭಾಗ ಉಳಿದರೆ ಹೆಚ್ಚು.

ಕಾಂಪೋಸ್ಟ್ ಮಾಡುವವರಿಗೆ ಒಂದು ಮಾತು. ರಾಶಿ ಬಿಸಿಯೇರುವ ವಾರಗಳಲ್ಲಿ ಸಾರಜನಕದ ಗಣನೀಯ ಪಾಲು ಅಮೋನಿಯಾ ಆಗಿ ಹೋಗುತ್ತದೆ. ಕಳೆಬೀಜ, ರೋಗಾಣು ನಾಶವಾಗಲು, ಸಾಗಣೆ ಹಗುರವಾಗಲು ಕಾಂಪೋಸ್ಟ್ ಒಳ್ಳೆಯದು. ಆದರೆ ಸಾರಜನಕವನ್ನೇ ಗುರಿಯಾಗಿಟ್ಟುಕೊಂಡರೆ ಹಸಿಯಾಗಿ ಮಣ್ಣಿಗೆ ಸೇರಿಸುವುದೇ ಲಾಭ ಎಂಬುದು ನನ್ನ ಖಚಿತ ಅಭಿಪ್ರಾಯ. ಹಸಿಯಾಗಿ ತಿನ್ನುವ ತರಕಾರಿಗೆ ಮಾತ್ರ ಈ ಮಾತು ಅನ್ವಯಿಸದು, ಅಲ್ಲಿ ರೋಗಾಣುಗಳ ಭಯ ದೊಡ್ಡದು.

ಹಂತ 7: ಲೆಕ್ಕ ಹಾಕಿ

ಸಾವಯವ ಸಾರಜನಕದಲ್ಲಿ ಮೊದಲ ವರ್ಷ ಬಿಡುಗಡೆಯಾಗುವ ಪಾಲಿಗೆ ಬಳಕೆಯಲ್ಲಿರುವ ಅಂದಾಜುಗಳು ಹೀಗಿವೆ. ಕೋಳಿ ಗೊಬ್ಬರದಲ್ಲಿ ಶೇ 50ರಿಂದ 60, ಹಂದಿ ಗೊಬ್ಬರದಲ್ಲಿ ಶೇ 35ರಿಂದ 50, ದನದ ಗಟ್ಟಿ ಗೊಬ್ಬರದಲ್ಲಿ ಶೇ 25ರಿಂದ 35, ಕಳಿತ ಕಾಂಪೋಸ್ಟ್‌ನಲ್ಲಿ ಶೇ 5ರಿಂದ 15. ಎರಡನೆಯ ವರ್ಷ ಮೂಲ ಸಾವಯವ ಸಾರಜನಕದ ಸುಮಾರು ಶೇ 10, ಮೂರನೆಯ ವರ್ಷ ಶೇ 5. ವರ್ಷದಿಂದ ವರ್ಷಕ್ಕೆ ಇಳಿಯುವ ಇಂಥ ಸರಣಿಯಾಗಿ ಎಣಿಸುವ ಪದ್ಧತಿಯನ್ನು 1973ರಲ್ಲಿ ಕ್ಯಾಲಿಫೋರ್ನಿಯಾದ ಪ್ರಾಟ್, ಬ್ರಾಡ್‌ಬೆಂಟ್ ಮತ್ತು ಮಾರ್ಟಿನ್ ಮುಂದಿಟ್ಟರು.

ಹೆಕ್ಟೇರಿಗೆ 20 ಟನ್ ದನದ ಗೊಬ್ಬರ ಹಾಕುತ್ತೀರಿ ಎನ್ನೋಣ. ಟನ್ನಿಗೆ ಒಟ್ಟು ಸಾರಜನಕ 5 ಕಿಲೋ, ಅದರಲ್ಲಿ ಅಮೋನಿಯಂ 1 ಕಿಲೋ, ಸಾವಯವ 4 ಕಿಲೋ. ಹಾಕಿದ ಒಟ್ಟು ಸಾರಜನಕ 100 ಕಿಲೋ.

ಅಮೋನಿಯಂ: 20 ಕಿಲೋ. ಅದೇ ದಿನ ಮಣ್ಣಿಗೆ ಸೇರಿಸಿದ್ದರಿಂದ ಶೇ 75 ಉಳಿಯಿತು, 15 ಕಿಲೋ.
ಸಾವಯವ: 80 ಕಿಲೋ. ಮೊದಲ ವರ್ಷ ಶೇ 30, ಅಂದರೆ 24 ಕಿಲೋ.
ಮೊದಲ ವರ್ಷ ಬೆಳೆಗೆ ಸಿಗಬಲ್ಲದ್ದು 39 ಕಿಲೋ.

ವಾರ ಬಿಟ್ಟು ಸೇರಿಸಿದ್ದರೆ ಅಮೋನಿಯಂನಲ್ಲಿ ಉಳಿಯುತ್ತಿದ್ದದ್ದು 5 ಕಿಲೋ, ಒಟ್ಟು 29. ಅದೇ ಗೊಬ್ಬರ, ಅದೇ ಸಾಗಣೆ, ಕೇವಲ ವಿಳಂಬಕ್ಕೆ ತೆತ್ತ ದಂಡ 10 ಕಿಲೋ.

ಈಗ ಮುಂದಿನ ವರ್ಷಗಳು. ಎರಡನೆಯ ವರ್ಷ ಹಳೆಯ ಗೊಬ್ಬರದಿಂದ 8 ಕಿಲೋ, ಮೂರನೆಯ ವರ್ಷ 4 ಕಿಲೋ. ಪ್ರತಿ ವರ್ಷವೂ 20 ಟನ್ ಹಾಕುತ್ತಾ ಹೋದರೆ ಮೂರನೆಯ ವರ್ಷ ಸಿಗುವುದು 39, 8 ಮತ್ತು 4 ಸೇರಿ 51 ಕಿಲೋ. ಹತ್ತು ವರ್ಷ ಹಾಕಿದ ಹೊಲದಲ್ಲಿ ಇನ್ನೂ ಹೆಚ್ಚು. ಗೊಬ್ಬರ ಬಿದ್ದ ಹೊಲಕ್ಕೂ ಬೀಳದ ಹೊಲಕ್ಕೂ ಒಂದೇ ಪ್ರಮಾಣದ ಮೇಲುಗೊಬ್ಬರ ಹಾಕುವವರು ಈ ಹಳೆಯ ಸಾರವನ್ನು ಎಣಿಸದೆ ಬಿಡುತ್ತಾರೆ.

ಹಳೆಯ ಸಾರ ಎಷ್ಟು ಕಾಲ ಉಳಿಯಬಲ್ಲದು ಎಂಬುದಕ್ಕೆ ಇಂಗ್ಲೆಂಡಿನ ಕೃಷಿ ಸಂಶೋಧನಾ ಕೇಂದ್ರವಾದ ರೋಥಮ್‌ಸ್ಟೆಡ್‌ನ ಬಾರ್ಲಿ ಪ್ರಯೋಗಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಅಲ್ಲಿನ ಹೂಸ್‌ಫೀಲ್ಡ್‌ನಲ್ಲಿ ಒಂದು ತಾಕಿಗೆ 1852ರಿಂದ 1871ರವರೆಗೆ ಪ್ರತಿ ವರ್ಷ ಹೆಕ್ಟೇರಿಗೆ 35 ಟನ್ ಕೊಟ್ಟಿಗೆ ಗೊಬ್ಬರ ಹಾಕಿ ಆಮೇಲೆ ನಿಲ್ಲಿಸಲಾಯಿತು. ನಿಲ್ಲಿಸಿ ನೂರು ವರ್ಷ ಕಳೆದ ಮೇಲೂ, ಎಂದೂ ಗೊಬ್ಬರ ಕಾಣದ ಪಕ್ಕದ ತಾಕಿಗಿಂತ ಅಲ್ಲಿ ಮಣ್ಣಿನ ಸಾವಯವಾಂಶವೂ ಹೆಚ್ಚು, ಇಳುವರಿಯೂ ಹೆಚ್ಚು.

ಇದೇ ಹಂತದಲ್ಲಿ ರಂಜಕವನ್ನೂ ನೋಡಿಬಿಡಿ. ಬೆಳೆಯ ಪೂರ್ತಿ ಸಾರಜನಕವನ್ನು ಗೊಬ್ಬರದಿಂದಲೇ ಕೊಡಲು ಹೊರಟರೆ ರಂಜಕ ಬೆಳೆಯ ಅಗತ್ಯಕ್ಕಿಂತ ಹಲವು ಪಟ್ಟು ಬೀಳುತ್ತದೆ, ವರ್ಷಗಳು ಕಳೆದಂತೆ ಮಣ್ಣಿನಲ್ಲಿ ಶೇಖರವಾಗಿ ಹರಿಯುವ ನೀರಿನೊಂದಿಗೆ ಕೆರೆ ಸೇರುತ್ತದೆ. ರಂಜಕಕ್ಕೆ ತಕ್ಕಷ್ಟು ಗೊಬ್ಬರ ಹಾಕಿ, ಸಾರಜನಕದ ಉಳಿದ ಪಾಲನ್ನು ದ್ವಿದಳ ಬೆಳೆಯಿಂದಲೋ ಮೇಲುಗೊಬ್ಬರದಿಂದಲೋ ತುಂಬಿಸುವುದು ವಿವೇಕ.

ಹಂತ 8: ಬೆಳೆಯ ಹಸಿವಿಗೆ ಹೊಂದಿಸಿ

ಬಿತ್ತಿದ ಮೊದಲ ಮೂರು ನಾಲ್ಕು ವಾರ ಬೆಳೆಗೆ ಬೇಕಾಗುವ ಸಾರಜನಕ ತೀರಾ ಕಡಿಮೆ. ಮೆಕ್ಕೆಜೋಳ ಆರು ಎಲೆ ಬಿಟ್ಟಾಗಿನಿಂದ ಹೂ ಬಿಡುವವರೆಗೆ ಎಡೆಬಿಡದೆ ಹೀರುತ್ತದೆ. ಗೊಬ್ಬರದ ಬಿಡುಗಡೆ ಆ ಹೊತ್ತಿಗೆ ಉತ್ತುಂಗದಲ್ಲಿರಬೇಕು. ಬೆಚ್ಚಗಿನ ಮಣ್ಣಿನಲ್ಲಿ ದನದ ಗಟ್ಟಿ ಗೊಬ್ಬರವನ್ನು ಬಿತ್ತನೆಗೆ ಎರಡು ಮೂರು ವಾರ ಮುಂಚೆ, ಹುಲ್ಲು ಹೆಚ್ಚಿರುವುದನ್ನು ಆರೇಳು ವಾರ ಮುಂಚೆ ಸೇರಿಸಿ. ಬಗ್ಗಡ ಮತ್ತು ಕೋಳಿ ಗೊಬ್ಬರವನ್ನು ಬಿತ್ತನೆಗೆ ಹತ್ತಿರದಲ್ಲಿ, ಬೀಜಕ್ಕೆ ತಾಗದಂತೆ, ಸಾಧ್ಯವಾದರೆ ಎರಡು ಕಂತುಗಳಲ್ಲಿ ಕೊಡಿ. ಬೆಳೆಯಿಲ್ಲದ ಬರಿ ನೆಲಕ್ಕೆ ಭಾರಿ ಮಳೆಗಾಲದ ಮುಂದೆ, ಹೆಪ್ಪುಗಟ್ಟಿದ ನೆಲಕ್ಕೆ ಚಳಿಗಾಲದಲ್ಲಿ ಹಾಕುವುದು ಸಲ್ಲದು.

ಇನ್ನೊಂದು ಎಚ್ಚರ. ಮೊದಲ ವರ್ಷದ ಶೇ 30 ಎಂಬುದು ಇಡೀ ವರ್ಷದ ಲೆಕ್ಕ. ನಾಲ್ಕು ತಿಂಗಳ ಬೆಳೆಗೆ ಅಷ್ಟೂ ಸಿಗುವುದಿಲ್ಲ. ಕೊಯ್ಲಿನ ನಂತರವೂ ಮಣ್ಣು ತೇವವಾಗಿ, ಬೆಚ್ಚಗೆ ಇದ್ದರೆ ನೈಟ್ರೇಟ್ ಹುಟ್ಟುತ್ತಲೇ ಇರುತ್ತದೆ. ಹೊಲವನ್ನು ಬರಿದು ಬಿಡದೆ ಹೊದಿಕೆ ಬೆಳೆ ಹಾಕಿದರೆ ಆ ಸಾರಜನಕ ಅದರ ಎಲೆ, ಬೇರುಗಳಲ್ಲಿ ಉಳಿದು ಮುಂದಿನ ಬೆಳೆಗೆ ಬರುತ್ತದೆ.

ಹಂತ 9: ನಿಮ್ಮದೇ ಮಣ್ಣಿನಲ್ಲಿ ಅಳೆಯಿರಿ

ಮೇಲಿನ ಶೇಕಡಾವಾರುಗಳೆಲ್ಲ ಅಂದಾಜುಗಳು. ನಿಮ್ಮ ಮಣ್ಣು ಏನು ಹೇಳುತ್ತದೆ ಎಂದು ತಿಳಿಯಲು ಪಾಲಿಥೀನ್ ಚೀಲ ಹೂಳುವ ವಿಧಾನವಿದೆ. 1960ರಿಂದ ಸಂಶೋಧಕರು ಬಳಸುತ್ತಿರುವ ಇದನ್ನು ಯಾರು ಬೇಕಾದರೂ ಮಾಡಬಹುದು. ತೆಳು ಪಾಲಿಥೀನ್ ಮೂಲಕ ಆಮ್ಲಜನಕ ಒಳಹೊಕ್ಕುತ್ತದೆ, ನೀರು ಮಾತ್ರ ಹೊರಹೋಗದು. ಹೀಗಾಗಿ ಒಳಗಿನ ಮಣ್ಣಿಗೆ ಹೊಲದ ಉಷ್ಣಾಂಶವೇ ಸಿಗುತ್ತದೆ, ಆದರೆ ನೈಟ್ರೇಟ್ ತೊಳೆದು ಹೋಗುವುದಿಲ್ಲ, ಬೇರುಗಳೂ ಕದಿಯುವುದಿಲ್ಲ.

ಹೊಲದ ಮೇಲಿನ 15 ಸೆಂಟಿಮೀಟರ್ ಮಣ್ಣನ್ನು ಹಲವು ಕಡೆಯಿಂದ ತೆಗೆದು, ಕಲ್ಲು ಬೇರು ಆರಿಸಿ, ಜರಡಿ ಹಿಡಿಯಿರಿ. ಮುಷ್ಟಿ ಕಟ್ಟಿದರೆ ಉಂಡೆಯಾಗಬೇಕು, ಬೆರಳಿನಿಂದ ತಟ್ಟಿದರೆ ಒಡೆಯಬೇಕು. ಅದೇ ಸರಿಯಾದ ಹದ. ಒಂದು ಹೆಕ್ಟೇರಿನ 15 ಸೆಂಟಿಮೀಟರ್ ಮಣ್ಣು ಸುಮಾರು 22.5 ಲಕ್ಷ ಕಿಲೋ ತೂಗುವುದರಿಂದ, ಹೆಕ್ಟೇರಿಗೆ 20 ಟನ್ ಎಂದರೆ ಒಂದು ಕಿಲೋ ಮಣ್ಣಿಗೆ ಸುಮಾರು 9 ಗ್ರಾಂ ಗೊಬ್ಬರ. ಅರ್ಧ ಕಿಲೋದ ಐದು ಚೀಲಗಳಿಗೆ ನಾಲ್ಕೂವರೆ ಗ್ರಾಂನಂತೆ ಗೊಬ್ಬರ ಬೆರೆಸಿ, ಇನ್ನೈದು ಚೀಲಗಳಿಗೆ ಬರಿಯ ಮಣ್ಣು ತುಂಬಿ. ಬಾಯಿ ಕಟ್ಟಿ, ಗುರುತು ಹಾಕಿ, ಹೊಲದಲ್ಲೇ 10ರಿಂದ 15 ಸೆಂಟಿಮೀಟರ್ ಆಳದಲ್ಲಿ ಹೂಳಿ. ಮೊದಲ ಜೋಡಿಯನ್ನು ಅದೇ ದಿನ, ಉಳಿದವನ್ನು 2, 4, 8 ಮತ್ತು 12ನೇ ವಾರಗಳಲ್ಲಿ ತೆಗೆದು ಪರೀಕ್ಷಿಸಿ.

ಪರೀಕ್ಷೆಗೆ ನೈಟ್ರೇಟ್ ಪಟ್ಟಿಗಳು, ಅಂದರೆ ದ್ರವದಲ್ಲಿ ಅದ್ದಿದಾಗ ಬಣ್ಣ ಬದಲಿಸುವ ಪರೀಕ್ಷಾ ಪಟ್ಟಿಗಳು, ಸಾಕು. 25 ಗ್ರಾಂ ಮಣ್ಣಿಗೆ 50 ಮಿಲಿಲೀಟರ್ ಬಟ್ಟಿ ಇಳಿಸಿದ ನೀರು ಹಾಕಿ ಐದು ನಿಮಿಷ ಚೆನ್ನಾಗಿ ಕುಲುಕಿ. ತಿಳಿಯಾಗದಿದ್ದರೆ, ಸೋಸುಕಾಗದವನ್ನು ಶಂಕುವಿನಂತೆ ಮಡಿಸಿ ಆ ಮಣ್ಣುನೀರಿನೊಳಕ್ಕೆ ಇಳಿಸಿ. ಕಾಗದದ ಒಳಗೆ ಜಿನುಗುವ ತಿಳಿನೀರಿನಲ್ಲಿ ಪಟ್ಟಿ ಅದ್ದಿ, ಪೊಟ್ಟಣದ ಮೇಲೆ ಹೇಳಿದಷ್ಟು ಹೊತ್ತು ಕಾದು ಬಣ್ಣ ಹೋಲಿಸಿ. ನಿಮ್ಮ ಪಟ್ಟಿ ನೈಟ್ರೇಟ್ ಅಳೆಯುತ್ತದೆಯೋ, ನೈಟ್ರೇಟ್ ರೂಪದ ಸಾರಜನಕವನ್ನೋ ಎಂದು ಮೊದಲೇ ಓದಿಕೊಳ್ಳಿ, ಎರಡಕ್ಕೂ 4.43 ಪಟ್ಟು ವ್ಯತ್ಯಾಸವಿದೆ.

ನೈಟ್ರೇಟ್ ಅಳೆಯುವ ಪಟ್ಟಿಯಾದರೆ ಲೆಕ್ಕ ಬಹಳ ಸುಲಭ. ಓದಿಕೆಯನ್ನು 2ರಿಂದ ಗುಣಿಸಿದರೆ ಒಂದು ಕಿಲೋ ಮಣ್ಣಿನಲ್ಲಿರುವ ನೈಟ್ರೇಟ್‌ನ ಮಿಲಿಗ್ರಾಂ. 4.43ರಿಂದ ಭಾಗಿಸಿದರೆ ಸಾರಜನಕ. 2.25ರಿಂದ ಗುಣಿಸಿದರೆ ಹೆಕ್ಟೇರಿಗೆ ಕಿಲೋ. ಮೂರನ್ನೂ ಸೇರಿಸಿದರೆ ಗುಣಕ ಹೆಚ್ಚುಕಡಿಮೆ 1 ಬರುತ್ತದೆ! ಅಂದರೆ ಪಟ್ಟಿ ತೋರಿಸುವ ಅಂಕಿಯೇ ಮೇಲಿನ 15 ಸೆಂಟಿಮೀಟರ್ ಮಣ್ಣಿನಲ್ಲಿ ಹೆಕ್ಟೇರಿಗೆ ಇರುವ ನೈಟ್ರೇಟ್ ಸಾರಜನಕದ ಕಿಲೋಗಳು. ತೇವದ ಮಣ್ಣನ್ನೇ ತೂಗಿದ್ದರೆ ನಿಜವಾದ ಪ್ರಮಾಣ ಇದಕ್ಕಿಂತ ಕಾಲು ಭಾಗದವರೆಗೆ ಹೆಚ್ಚಿರುತ್ತದೆ.

ಉದಾಹರಣೆಗೆ, ಎಂಟನೇ ವಾರ ಬರಿಯ ಮಣ್ಣು 30, ಗೊಬ್ಬರದ ಮಣ್ಣು 55 ತೋರಿಸಿದರೆ ಗೊಬ್ಬರದಿಂದ ಬಂದದ್ದು 25 ಕಿಲೋ. ಎರಡನೇ ವಾರ ಗೊಬ್ಬರದ ಚೀಲ ಬರಿಯ ಮಣ್ಣಿಗಿಂತ ಕಡಿಮೆ ತೋರಿಸಿದರೆ ಗಾಬರಿ ಬೇಡ. ಅದು ಮೂರನೇ ಹಂತದಲ್ಲಿ ಹೇಳಿದ ಕೈಗಡ, ಎಷ್ಟು ವಾರಕ್ಕೆ ತೀರುತ್ತದೆ ಎಂದು ಮುಂದಿನ ಚೀಲಗಳು ಹೇಳುತ್ತವೆ, ಮುಂದಿನ ಸಲ ಅಷ್ಟು ವಾರ ಮುಂಚೆ ಗೊಬ್ಬರ ಸೇರಿಸಿ. ಪಟ್ಟಿಗೆ ಅಮೋನಿಯಂ ಕಾಣುವುದಿಲ್ಲವಾದ್ದರಿಂದ ಮೊದಲೆರಡು ವಾರದ ಓದಿಕೆಗೆ ಹೆಚ್ಚು ಬೆಲೆ ಕೊಡಬೇಡಿ. ಚೀಲದಲ್ಲಿ ಗೊಬ್ಬರ ಕೂಡಲೇ ಮಣ್ಣಿನೊಂದಿಗೆ ಬೆರೆತಿರುವುದರಿಂದ, ಅಮೋನಿಯಾ ನಷ್ಟವನ್ನು ಹೊಲದ ಲೆಕ್ಕದಲ್ಲಿ ಬೇರೆಯಾಗಿ ಕಳೆಯಬೇಕು.

ಬೆಳೆ ನಿಂತ ಮೇಲೆ ಕೊನೆಯ ತೀರ್ಮಾನಕ್ಕೆ ಮೆಕ್ಕೆಜೋಳದವರಿಗೆ ಇನ್ನೊಂದು ಪರೀಕ್ಷೆಯಿದೆ. ಅಮೆರಿಕದ ವರ್ಮಾಂಟ್‌ನಲ್ಲಿ ಫ್ರೆಡ್ ಮ್ಯಾಗ್‌ಡಾಫ್ ಮತ್ತು ಸಂಗಡಿಗರು 1984ರಲ್ಲಿ ಪ್ರಕಟಿಸಿದ ಈ ವಿಧಾನದಲ್ಲಿ, ಪೈರು 15ರಿಂದ 30 ಸೆಂಟಿಮೀಟರ್ ಎತ್ತರವಿರುವಾಗ 30 ಸೆಂಟಿಮೀಟರ್ ಆಳದವರೆಗಿನ ಮಣ್ಣು ತೆಗೆದು ನೈಟ್ರೇಟ್ ನೋಡುತ್ತಾರೆ. ಕಿಲೋ ಮಣ್ಣಿಗೆ ಸುಮಾರು 25 ಮಿಲಿಗ್ರಾಂ ನೈಟ್ರೇಟ್ ಸಾರಜನಕ ಇದ್ದರೆ ಗೊಬ್ಬರ ತನ್ನ ಕೆಲಸ ಮಾಡಿದೆ, ಮೇಲುಗೊಬ್ಬರದಿಂದ ಇಳುವರಿ ಹೆಚ್ಚುವ ಸಾಧ್ಯತೆ ಕಡಿಮೆ. ಅದಕ್ಕಿಂತ ಕಡಿಮೆಯಿದ್ದರೆ ಕೊರತೆಯಷ್ಟನ್ನು ಮಾತ್ರ ಕೊಡಿ, ಮತ್ತು ಆ ಅಂಕಿಯನ್ನು ತಾಕಿನ ಹೆಸರು, ಗೊಬ್ಬರದ ಪ್ರಮಾಣ, ಸೇರಿಸಿದ ದಿನಾಂಕಗಳ ಜೊತೆಗೆ ಬರೆದಿಡಿ. ಏಳನೇ ಹಂತದಲ್ಲಿ ಪುಸ್ತಕದ ಶೇ 30 ಹಾಕಿದ ಜಾಗದಲ್ಲಿ ಮುಂದಿನ ವರ್ಷ ನಿಮ್ಮ ಹೊಲದ್ದೇ ಅಂಕಿ ಬರಲಿ.